ಬೂದು ಬಣ್ಣದ ಜನ

ಭಾನುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪುಟ್ಟಿ,

ನಿನ್ನ ಎರಡು ಕಾಗದಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈಯಲೇಬೇಕಿದ್ದರೆ ಪೂರ್ತಿ ಓದಿದ ಮೇಲೆ ಬೈ. ಫೋನಿನಲ್ಲೇ ಹೇಳೋಣವೆಂದರೆ ಅಮ್ಮ ಪಕ್ಕದಲ್ಲೇ ಇರುತ್ತಾಳೆ. ನಾನು ಹಲೋ ಅನ್ನುವಷ್ಟರಲ್ಲಿ ಫೋನು ಅವಳ ಕೈ ಸೇರಿರುತ್ತದೆ. ಆಮೇಲೆ ನೀವಿಬ್ಬರೂ ನನ್ನ ಸುದ್ದಿಯನ್ನೇ ಮಾತಾಡಿಕೊಂಡು ನಗುತ್ತೀರಿ, ನನಗೆ ಬಾಯಿ ಹಾಕಲು ಜಾಗವಿರುವುದಿಲ್ಲ.

ಮನೆಯಲ್ಲಿ ಎಲ್ಲ ಮಾಮೂಲು. ನಿನ್ನ ಅತ್ತಿಗೆಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಬೆಳಗಿನ ಪಾಳಿ ಸಿಕ್ಕಿದೆ. ಮಧ್ಯಾಹ್ನ ಮನೆಗೆ ಬಂದವಳು, ಚಿಲ್ಲರೆ ಇಲ್ಲದೆ ಬಂದವರೆಲ್ಲರ ಮೇಲಿನ ಸಿಟ್ಟನ್ನು ನನ್ನ ಮೇಲೆ ತೀರಿಸಿಕೊಳ್ಳುತ್ತಾಳೆ. ಅಮ್ಮನಿಗೆ ಮಂಡಿ ನೋವು ಹಾಗೇ ಇದೆ, ನಾಲಿಗೆ ಮಾತ್ರ ಮೊದಲಿಗಿಂತ ಚುರುಕು. ಪೇಪರ್ ಓದುವುದನ್ನು ಬಿಟ್ಟಿದ್ದಾಳೆ. ಯಾಕೆ ಎಂದರೆ, "ಅದ್ರಲ್ಲಿ ಹೊಸದೇನಿದೆ? ಹೋದ ವರ್ಷದ್ದನ್ನೇ ತಿರುಗಿಸಿ ಹಾಕ್ತಾರೆ" ಅನ್ನುತ್ತಾಳೆ. ಅದೂ ನಿಜವೇ.

ಇನ್ನು ನನ್ನ ವಿಷಯ. ನಾನು ಇನ್ನೂ ನಿಂತಲ್ಲೇ ನಿಂತಿದ್ದೇನೆ, ಪುಟ್ಟಿ. ಕೆಟ್ಟು ನಿಂತ ಗಾಡಿಯನ್ನಾದರೂ ತಳ್ಳಿದರೆ ಮುಂದೆ ಹೋಗುತ್ತದೆ, ನನಗೆ ಅದೂ ಆಗುತ್ತಿಲ್ಲ. ಅಂಗಡಿ ಬೋರ್ಡುಗಳ ಮೇಲೆ ಆಳೆತ್ತರದ ಅಕ್ಷರ ಬರೆಯುತ್ತಿದ್ದವನು, ಯಂತ್ರ ಬಂದು ಆ ಕೆಲಸ ಕಿತ್ತುಕೊಂಡ ಮೇಲೆ ಹೆಬ್ಬೆರಳಿನಷ್ಟು ಮನುಷ್ಯರಿಗೆ ಬಣ್ಣ ಹಚ್ಚಲು ಕೂತೆನಲ್ಲ, ಆಗಲೂ ಇಷ್ಟು ಕಷ್ಟವಾಗಿರಲಿಲ್ಲ. ಆಗ ಬರುತ್ತಿರಲಿಲ್ಲ, ಕಲಿತೆ. ಈಗ ಬರುತ್ತದೆ, ಆದರೂ ಆಗುತ್ತಿಲ್ಲ. ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು.

ಮಕ್ಕಳ ಆಸ್ಪತ್ರೆಯ ಕೆಲಸ ಬಂದಿದೆ ಎಂದು ಹಿಂದೆ ಬರೆದಿದ್ದೆ. ಡಾಕ್ಟರಿಗಾಗಿ ಕಾಯುವ ಮಕ್ಕಳು ನೋಡಿಕೊಂಡು ಕೂರಲಿ ಎಂದು ಗಾಜಿನ ಪೆಟ್ಟಿಗೆಯೊಳಗೆ ಒಂದು ಪುಟ್ಟ ಊರು. ಬಡಗಿ ತನ್ನ ಪಾಲಿನದೆಲ್ಲ ಮುಗಿಸಿದ್ದಾನೆ: ಮನೆ, ಅಂಗಡಿ, ರೈಲು ನಿಲ್ದಾಣ, ಕೆರೆಯ ಮೇಲೊಂದು ಸೇತುವೆ. ಅದರಲ್ಲಿ ಓಡಾಡುವ ಜನ ನನ್ನ ಪಾಲಿಗೆ. ಅಚ್ಚಿನಿಂದ ಬಂದ ಬೊಂಬೆಗಳನ್ನೆಲ್ಲ ತೊಳೆದು, ಒಂದೊಂದನ್ನೂ ಬಾಟಲಿ ಮುಚ್ಚಳದ ಮೇಲೆ ಅಂಟಿಸಿ, ಬೂದು ಬಣ್ಣದ ಮೊದಲ ಕೋಟು ಕೊಟ್ಟು ನಿಲ್ಲಿಸಿದೆ. ಒಬ್ಬಿಬ್ಬರು ಮುಗಿದರು, ಅಲ್ಲಿಗೆ ನಿಂತಿತು. ಉಳಿದವರಲ್ಲಿ ಕೆಲವರಿಗೆ ಚಪ್ಪಲಿ ಬಂದಿದೆ, ಕೆಲವರಿಗೆ ಒಂದು ತೋಳು. ಒಬ್ಬ ಹೆಂಗಸಿಗೆ ಬಟ್ಟೆಯೆಲ್ಲ ಚೆನ್ನಾಗಿ ಬಂದಿದೆ, ಕುತ್ತಿಗೆಯಿಂದ ಮೇಲೆ ಬರೀ ಬೂದು. ಮುಖಕ್ಕೆ ಬರುವಷ್ಟರಲ್ಲಿ ಕುಂಚ ಕೆಳಗಿಟ್ಟು ಟೀ ಕುಡಿಯಲು ಏಳುತ್ತೇನೆ. ಎಷ್ಟು ಟೀ ಕುಡಿಯಲಿ?

ಬಡಗಿ ಮೊನ್ನೆ ಬಂದಿದ್ದ. ಮುಗಿದ ಬೊಂಬೆಗಳನ್ನಿಡುವ ಕಪಾಟಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತ.

"ನಿನ್ನ ಜನ ಇಲ್ದೆ ನನ್ನೂರಲ್ಲಿ ಕರ್ಫ್ಯೂ ಹಾಕ್ದಂಗಿದೆ ಕಣಪ್ಪಾ" ಎಂದ.

"ಬರ್ತಾರೆ ತಡಿ" ಎಂದೆ.

"ಯಾವಾಗ್ ಬರ್ತಾರೆ? ಆಸ್ಪತ್ರೆಯವ್ರು ತಿಂಗಳ ಕೊನೆಗೆ ಬೇಕೇ ಬೇಕು ಅಂತಾರೆ. ನಿನ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು, ನಂಗೇನೂ ಬೇಜಾರಿಲ್ಲ. ಬೇರೆಯೋನೊಬ್ಬ ಇದಾನೆ, ಸ್ಪ್ರೇ ಹೊಡ್ದು ಮುಗಿಸ್ಕೊಡ್ತಾನೆ."

ಬೇಜಾರಿಲ್ಲ ಎಂದವನ ಮುಖ ನೋಡಬೇಕಿತ್ತು ನೀನು. ಸ್ಪ್ರೇ ಎಂಬ ಮಾತು ಕೇಳಿ ನನಗೆ ಮೈಯೆಲ್ಲ ಉರಿಯಿತು. ಉರಿದರೂ ಕೈ ಮುಂದಕ್ಕೆ ಹೋಗಲಿಲ್ಲ ಎಂಬುದೇ ಸೋಜಿಗ. ಈ ಕೆಲಸ ಕೈಬಿಟ್ಟರೆ ನಾನು ಮತ್ತೆ ಆ ಮೇಜಿನ ಮುಂದೆ ಕೂರುವವನಲ್ಲ, ಅದು ನನಗೆ ಗೊತ್ತು. ಬಸ್ ನಿಲ್ದಾಣದ ಪಾರ್ಸೆಲ್ ವಿಭಾಗದಲ್ಲಿ ಒಬ್ಬರು ಬೇಕಂತೆ. ನಿನ್ನ ಅತ್ತಿಗೆ ಅದನ್ನು ಗೋಡೆಗೆ ಹೇಳಿದಂತೆ ಹೇಳಿದಳು. ನನಗೆ ಕೇಳಿಸಿತು.

ನೀನು ಎಲ್ಲೋ ಓದಿ ಬರೆದು ಕಳಿಸಿದ ಉಪಾಯಗಳನ್ನೆಲ್ಲ ಮಾಡಿ ನೋಡಿದೆ. ಮಾಡಲಿಲ್ಲ ಎಂದು ತಿಳಿಯಬೇಡ. ಮೇಜು ಖಾಲಿ ಮಾಡು, ಮನಸ್ಸೂ ಖಾಲಿಯಾಗುತ್ತದೆ ಎಂದಿದ್ದೆ. ಖಾಲಿ ಮಾಡಿದೆ. ಎಂದೋ ಕಳೆದುಹೋಗಿದ್ದ ಸಣ್ಣ ಕುಂಚ ಸಿಕ್ಕಿತು, ಖುಷಿಯಾಯಿತು, ಅದನ್ನು ತೊಳೆಯುವುದರಲ್ಲೇ ಆ ದಿನ ಹೋಯಿತು. ಒಬ್ಬನನ್ನೇ ಪೂರ್ತಿ ಮುಗಿಸಲು ಹೋಗಬೇಡ, ಎಲ್ಲರಿಗೂ ಒಂದೇ ಭಾಗ ಹಚ್ಚುತ್ತಾ ಹೋಗು ಎಂದಿದ್ದೆ. ಅದರ ಫಲವೇ ಈಗ ಚಪ್ಪಲಿ ಹಾಕಿಕೊಂಡು ಬರಿಮೈಯಲ್ಲಿ ನಿಂತಿರುವ ಈ ಗುಂಪು. ಗಡಿಯಾರಕ್ಕೆ ಅಲಾರಂ ಇಟ್ಟು, ಅದು ಹೊಡೆಯುವವರೆಗೆ ಮಾತ್ರ ಕೂರು ಎಂದಿದ್ದೆ. ಅಲಾರಂ ಹೊಡೆಯುವುದನ್ನೇ ಕಾಯುತ್ತಾ ಕೂತೆ, ಶಾಲೆಯ ಕೊನೆಯ ಗಂಟೆಗೆ ಕಾಯುತ್ತಿದ್ದೆವಲ್ಲ, ಹಾಗೆ. ಯಾರಿಗೂ ಕೊಡದ ಹಳೆಯ ಬೊಂಬೆಗೆ ಸುಮ್ಮನೆ ಮೋಜಿಗೆ ಹಚ್ಚು ಎಂಬುದು ಮಾತ್ರ ಸ್ವಲ್ಪ ಕೆಲಸ ಮಾಡಿತು. ಒಬ್ಬ ಪೊಲೀಸಿನವನಿಗೆ ಗುಲಾಬಿ ಸಮವಸ್ತ್ರ ಹಾಕಿದೆ. ಚೆನ್ನಾಗಿಯೇ ಕಂಡ. ಅದೇ ಬಿರುಸಿನಲ್ಲಿ ಆಸ್ಪತ್ರೆಯ ಬೊಂಬೆಯೊಂದನ್ನು ಎತ್ತಿಕೊಂಡೆ. ಕೈ ಮತ್ತೆ ಮರಗಟ್ಟಿತು.

ಹೊರಗೆ ಹೋಗಿ ನಿಜವಾದ ಜನರನ್ನು ನೋಡು ಎಂದೂ ಬರೆದಿದ್ದೆಯಲ್ಲ, ಅದರಿಂದ ನನ್ನ ಮಾನ ಹೋಗುವುದರಲ್ಲಿತ್ತು. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಒಬ್ಬ ಹೆಂಗಸಿನ ಕೆನ್ನೆಯ ಮೇಲೆ ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ತಿರುಗುತ್ತದೆ ಎಂದು ನೋಡುತ್ತಿದ್ದೆ. ಆಕೆ ಎದ್ದು ಬಂದು, "ಏನ್ರೀ, ಮನೇಲಿ ಅಕ್ಕತಂಗೀರಿಲ್ವಾ?" ಎಂದು ಕೇಳಿಯೇಬಿಟ್ಟಳು. ಇದ್ದಾಳೆ, ಅವಳೇ ಕಳಿಸಿದ್ದು ಎಂದು ಹೇಳಲಾದೀತೇ? ಕೌಂಟರಿನ ಒಳಗಿನಿಂದ ನಿನ್ನ ಅತ್ತಿಗೆ ಎಲ್ಲ ನೋಡುತ್ತಿದ್ದಳು. ಮನೆಗೆ ಬಂದು, "ಹಾಗೆ ದುರುಗುಟ್ಕೊಂಡ್ ನೋಡಿದ್ರೆ ಆರತಿ ಎತ್ತುತಾರಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು, ಅಷ್ಟು ಲಾಭ.

ಕಣ್ಣಿಗೇ ಏನಾದರೂ ಆಗಿದೆಯೋ ಎಂದು ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿಬಂದೆ. "ಬಾರಮ್ಮ, ನೀನೂ ಒಂದ್ಸಲ ತೋರಿಸ್ಕೋ" ಎಂದು ಅಮ್ಮನನ್ನೂ ಕರೆದೆ. "ಹೋಗೋ, ನನ್ ಕಣ್ಣಿಗೇನಾಗಿದೆ" ಎಂದು ಬರಲಿಲ್ಲ. ನನ್ನವು ಸರಿಯಾಗಿವೆಯಂತೆ, ಕನ್ನಡಕವನ್ನೂ ಬದಲಿಸಬೇಕಿಲ್ಲವಂತೆ. ಕಣ್ಣು ಸರಿ, ಕೈ ನಡುಗುವುದಿಲ್ಲ, ಬಣ್ಣ ಒಳ್ಳೆಯದು, ಕುಂಚದ ಮೊನೆ ಸೂಜಿಯ ಹಾಗಿದೆ. ಹಾಗಾದರೆ ಕೆಟ್ಟಿರುವುದು ಏನು? ವಯಸ್ಸೋ, ಸೋಮಾರಿತನವೋ, ಇಲ್ಲಾ ಇದುವರೆಗೆ ಮಾಡಿದ್ದೇ ಸುಳ್ಳೋ? ಒಂದು ದಿನ ಒಂದು ಅನ್ನಿಸುತ್ತದೆ, ಮರುದಿನ ಇನ್ನೊಂದು. ತಲೆಬುಡ ಒಂದೂ ತಿಳಿಯುತ್ತಿಲ್ಲ.

(ಇಲ್ಲಿಗೆ ನಿಲ್ಲಿಸಿ ಊಟ ಮಾಡಿ ಬಂದೆ. ಅಮ್ಮ ಯಾರಿಗೆ ಬರೀತಿದೀಯಾ ಎಂದು ಕೇಳಿದಳು. ನಿನಗೆ ಎಂದೆ. "ನನ್ನ ಮಂಡಿ ವಿಷ್ಯ ಬರೀಬೇಡ, ಸುಮ್ನೆ ಗಾಬರಿ ಬೀಳ್ತಾಳೆ" ಎಂದಳು. ಬರೆದಾಗಿದೆ ಎಂದು ಹೇಳಲಿಲ್ಲ.)

ಅಮ್ಮನ ಕುರ್ಚಿಯನ್ನು ಈಗ ನನ್ನ ಮೇಜಿನ ಪಕ್ಕ, ಕಿಟಕಿಯ ಕೆಳಗೆ ಹಾಕಿದ್ದೇವೆ. ಬಟಾಣಿ ಬಿಡಿಸುತ್ತಾ ಕೂರುತ್ತಾಳೆ. ಮೊದಲಿನಿಂದಲೂ ನನ್ನದೊಂದು ಪದ್ಧತಿ. ಒಂದು ಬೊಂಬೆ ಮುಗಿದರೆ ಅದನ್ನು ಮುಚ್ಚಳದ ಸಮೇತ ಅವಳ ಕೈಗೆ ಕೊಡಬೇಕು, ಅವಳು ಪಾಸು ಮಾಡಿದರೇ ಅದು ಕಪಾಟಿಗೆ ಹೋಗುವುದು. ಬೆಳಕಿಗೆ ಹಿಡಿದು, ಅತ್ತಿತ್ತ ತಿರುಗಿಸಿ, ಅದರ ಜಾತಕವನ್ನೇ ಹೇಳುತ್ತಾಳೆ. "ಇವಳು ಒಲೆ ಮೇಲೆ ಹಾಲಿಟ್ಟು ಬಂದಿದಾಳೆ ಕಣೋ, ಅದಕ್ಕೇ ಈ ಓಟ." "ಇವನು ಹೆಂಡ್ತಿ ಜತೆ ಮಾತು ಬಿಟ್ಟಿದಾನೆ, ಭುಜ ನೋಡು ಅವನದು." ಮೊದಮೊದಲು ಮುಲಾಜಿಲ್ಲದೆ ವಾಪಸ್ಸು ಮಾಡುತ್ತಿದ್ದಳು: "ಈ ನೀಲಿ ಸತ್ತೋಗಿದೆ, ಮತ್ತೆ ಹಚ್ಚು." ನನಗೆ ರೇಗುತ್ತಿತ್ತು, ಮತ್ತೆ ಹಚ್ಚುತ್ತಿದ್ದೆ, ಎರಡನೆಯ ಸಲದ್ದು ಚೆನ್ನಾಗಿಯೇ ಬರುತ್ತಿತ್ತು. ಈಚೆಗೆ ವಾಪಸ್ಸು ಬಂದದ್ದೇ ಇಲ್ಲ. ಕೈ ಪಳಗಿದೆ ಎಂದು ನಾನು ಉಬ್ಬಿದ್ದೆ.

ಈಗ ಅವಳ ಕೈಗೆ ಕೊಡಲು ಏನೂ ಇಲ್ಲ. ಸಂಜೆಯಾದರೆ, "ಇವತ್ತೂ ಇಲ್ವೇನೋ?" ಅನ್ನುತ್ತಾಳೆ. ನಾಳೆ ಅಮ್ಮ, ಎನ್ನುತ್ತೇನೆ. ಬಟಾಣಿ ಬುಟ್ಟಿ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ನೀನೇ ಹೇಳು, ಬಿಟ್ಟುಬಿಡಲೇ? ಪಾರ್ಸೆಲ್ ಕೆಲಸವೇನೂ ಕೆಟ್ಟದ್ದಲ್ಲ. ಬಡಗಿಗೆ ಉತ್ತರ ಕೊಡಬೇಕು, ಅವನನ್ನು ನಡುನೀರಿನಲ್ಲಿ ನಿಲ್ಲಿಸಲಾರೆ. ನಿನ್ನ ಕಾಗದ ಬರುವವರೆಗೆ ಕಾಯುತ್ತೇನೆ. ನಿನ್ನ ಯಜಮಾನರನ್ನು ಕೇಳಿದೆನೆಂದು ಹೇಳು. ಮಗಳಿಗೆ ಗುಲಾಬಿ ಪೊಲೀಸಿನವನನ್ನು ಹತ್ತಿಯಲ್ಲಿ ಸುತ್ತಿ ಇದರ ಜೊತೆಗೇ ಕಳಿಸುತ್ತಿದ್ದೇನೆ, ಅವಳು ಅವನಿಗೆ ಯಾವ ಕೆಲಸ ಕೊಟ್ಟರೂ ಸರಿ. ನಿಮ್ಮ ಮನೆಯಲ್ಲಿ ನಗು ತುಂಬಿರಲಿ, ನಿನ್ನ ಕೈಗೆ ಸದಾ ಕೆಲಸವಿರಲಿ, ಆ ಕೆಲಸ ನಿನ್ನ ಮಾತು ಕೇಳಲಿ. ಇದಕ್ಕಿಂತ ದೊಡ್ಡ ಹಾರೈಕೆ ಸದ್ಯಕ್ಕೆ ನನಗೆ ತೋಚುತ್ತಿಲ್ಲ.

ನಿನ್ನ,
ಅಣ್ಣ

ತಾ.ಕ.: ಲಕೋಟೆ ಅಂಟಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ, ಅದಕ್ಕೇ ಅಂಚು ಹರಿದಿದೆ. ಮೇಲೆ ಬರೆದದ್ದನ್ನು ಓದಿ ನೋಡಿದೆ. ಗೊತ್ತಿಲ್ಲ, ತಿಳಿಯದು ಎಂದು ಎಷ್ಟು ಸಲ ಬರೆದಿದ್ದೇನೆ! ಅದೆಲ್ಲ ಸುಳ್ಳಲ್ಲ, ಬರೆಯುವಾಗ ನಿಜವಾಗಿಯೂ ತಿಳಿದಿರಲಿಲ್ಲ. ಆದರೆ ಒಂದು ವಿಷಯ ಬಿಟ್ಟಿದ್ದೇನೆ, ಬೇಕೆಂದೇ ಬಿಟ್ಟೆನೋ ಏನೋ.

ಕೆಲಸ ನಿಲ್ಲುವ ಮುಂಚೆ, ಕೊನೆಯದಾಗಿ ಮುಗಿಸಿದ್ದು ಒಬ್ಬ ಅಂಚೆಯವನನ್ನು. ಕೆಂಪು ಅಂಗಿ. ಬೆಳಿಗ್ಗೆ ಬಣ್ಣ ಕಲೆಸುವಾಗ ಅಮ್ಮ ಯಾವ ಬಣ್ಣ ಎಂದು ಕೇಳಿದ್ದಳು, ಕೆಂಪು ಎಂದಿದ್ದೆ. ಈಚೆಗೆ ದಿನಾ ಕೇಳುತ್ತಿದ್ದಳು, ಮಾತಿಗೆ ಕೇಳುತ್ತಾಳೆ ಎಂದುಕೊಂಡಿದ್ದೆ. ಅದೇ ಅಚ್ಚಿನ ಇನ್ನೊಬ್ಬ ಅಂಚೆಯವನು, ಬರೀ ಬೂದು ಕೋಟಿನವನು, ಪಕ್ಕದಲ್ಲೇ ಇದ್ದ. ಅವಸರದಲ್ಲಿ ಮುಚ್ಚಳ ಅದಲುಬದಲಾಗಿ, ಬೂದು ಬಣ್ಣದವನನ್ನು ಅವಳ ಕೈಗೆ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದಳು. ಹೆಬ್ಬೆರಳಿನಿಂದ ಅವನ ಬೆನ್ನು, ಚೀಲ, ಟೋಪಿ ಎಲ್ಲ ಸವರಿದಳು. "ಚೀಲದ ಭಾರಕ್ಕೆ ಬಗ್ಗಿದಾನೆ ಪಾಪ. ಆದ್ರೂ ಕೆಂಪು ಎಷ್ಟು ಚೆನ್ನಾಗಿ ಒಪ್ಪಿದೆ ಕಣೋ! ಮುಖದಲ್ಲಿ ನಗು ತಂದಿದೀಯ ನೋಡು, ಇದುವರ್ಗೂ ಮಾಡಿದ್ರಲ್ಲೆಲ್ಲ ಇದೇ ಚಂದ" ಎಂದಳು. ನಾನು ತಿರುಗಿ ನೋಡಿದರೆ ಕೆಂಪು ಅಂಗಿಯವನು ಮೇಜಿನ ಮೇಲೇ ಇದ್ದ.

"ಹೌದಲ್ವಾ ಅಮ್ಮ" ಎಂದು ಅದನ್ನು ಇಸಕೊಂಡೆ. ಬೇರೆ ಏನು ಹೇಳಬೇಕಿತ್ತು?

ಎಂದಿನಿಂದ ಹೀಗೆ ಎಂಬುದು ನನಗೆ ಗೊತ್ತಿಲ್ಲ. ಕಪಾಟಿನಲ್ಲಿರುವವರಲ್ಲಿ ಯಾರನ್ನು ಅವಳು ಕಣ್ಣಿಂದ ಕಂಡಳು, ಯಾರನ್ನು ಬರೀ ಬೆರಳಿಂದ ಕಂಡಳು, ಹೇಗೆ ಹೇಳಲಿ? ಕೇಳಿಬಿಡಲೇ ಎಂದರೆ ಬಾಯಿ ಬರುವುದಿಲ್ಲ. ಕಾಣುವುದಿಲ್ಲ ಎಂದರೆ ಮಗ ಕೆಲಸ ನಿಲ್ಲಿಸುತ್ತಾನೆ ಎಂದು ಹೆದರಿ ಇಷ್ಟು ದಿನ ಮುಚ್ಚಿಟ್ಟಿದ್ದಾಳೆ, ಪುಟ್ಟಿ. ನನಗೆ ಅಳು ಬರುತ್ತದೆ, ಸಿಟ್ಟೂ ಬರುತ್ತದೆ, ಯಾರ ಮೇಲೆ ಎಂದು ತಿಳಿಯುವುದಿಲ್ಲ. ನೀನು ಕರೆದರೆ ಅವಳು ಡಾಕ್ಟರ ಹತ್ತಿರ ಬಂದಾಳು, ನನ್ನ ಜೊತೆ ಬರಲಾರಳು. ಬೇಗ ಬಾ. ನಾನು ಹೇಳಿದೆನೆಂದು ಮಾತ್ರ ಹೇಳಬೇಡ.

ಬೆಳಗಿನಿಂದ ಆ ಹೆಂಗಸಿನ ಬೊಂಬೆ ನನ್ನ ಮುಂದಿದೆ. ಮುಖವೊಂದು ಬಾಕಿ, ಸ್ವಲ್ಪ ಹೊತ್ತಿನ ಕೆಲಸ. ಮುಗಿಸಿದರೆ ಅಮ್ಮನ ಕೈಗೆ ಕೊಡಬೇಕು. ಕೊಟ್ಟರೆ ಅವಳು ಮತ್ತೆ ಸುಳ್ಳು ಹೇಳಬೇಕು.