ಗುರುವಾರದ ಎರಡು ಪುಟ್ಟ ಕುರ್ಚಿಗಳ ಬಗ್ಗೆ, ಆರೈಕೆ ನಿರ್ದೇಶಕರಿಗೆ

ನಮ್ಮ ಚರ್ಚ್ ಸಭೆಯ ಆಪ್ತ ಆರೈಕೆ ತರಬೇತಿಯ ಮಾನ್ಯ ನಿರ್ದೇಶಕರೇ,

ಐವತ್ತು ಗಂಟೆ ಕೂರಿಸಿಕೊಂಡು ನನಗೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಸಿದಿರಿ. ಕಲಿತೆ. ಒಂದೇ ಒಂದು ಸಲ ಬಾಯಿ ಬಿಟ್ಟೆ. ಅದಕ್ಕೆ ನಾನು ಯಾರ ಮುಂದೆ ಬಾಯಿ ಬಿಟ್ಟೆನೋ ಆ ಮನುಷ್ಯನನ್ನೇ ನನ್ನಿಂದ ಕಿತ್ತುಕೊಳ್ಳುವ ಆದೇಶ ಕಳಿಸಿದ್ದೀರಿ. ಜೊತೆಗೆ ಎರಡು ನಮೂನೆ. ಹದಿನೈದು ದಿನದೊಳಗೆ ಒಂದಕ್ಕೆ ಸಹಿ ಹಾಕಬೇಕಂತೆ. ಯಾವುದಕ್ಕೆ ಹಾಕಿದರೂ ನಾನು ಸಿಕ್ಕಿಬಿದ್ದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಕಚೇರಿಗೆ ಕಳಿಸದೆ ಸಭೆಯ ಮಾಸಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಕ್ಷೌರಿಕ. ಇಪ್ಪತ್ತೆಂಟು ವರ್ಷದಿಂದ ಅದೇ ಅಂಗಡಿ, ಅದೇ ಕನ್ನಡಿ. ಕತ್ತರಿಗಿಂತ ನನ್ನ ನಾಲಿಗೆಯೇ ಚುರುಕು ಎಂದು ಗಿರಾಕಿಗಳು ಆಡಿಕೊಳ್ಳುತ್ತಾರೆ. ಅಂಥವನನ್ನು ಹಿಡಿದು ನೀವು ಹೇಳಿದಿರಿ: ನೊಂದವರ ಪಕ್ಕ ಕೂತುಕೊಳ್ಳಿ, ಬುದ್ಧಿ ಹೇಳಬೇಡಿ, ವಾಸಿಮಾಡುವವನು ದೇವರು. ಒಳ್ಳೆಯ ಮಾತು, ಈಗಲೂ ಒಪ್ಪುತ್ತೇನೆ. ಅವರಾಗಿ ಹೇಳುವವರೆಗೆ ಕಷ್ಟವೇನೆಂದು ಕೇಳಕೂಡದು, ನಮ್ಮ ಸ್ವಂತ ಸಂಕಟ ಎತ್ತಲೇಕೂಡದು, ಕೇಳಿದ್ದನ್ನು ಹೆಂಡತಿಗೂ ಹೇಳಕೂಡದು. ಸಭಾಪಾಲಕರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಎದೆಗೆ ಆರೈಕೆಗಾರನ ಬಿಲ್ಲೆ ಚುಚ್ಚಿದ ದಿನ ನನ್ನ ಹೆಂಡತಿ, "ಅಂತೂ ನಿಮ್ಮ ಬಾಯಿಗೆ ಬೀಗ ಹಾಕೋರು ಸಿಕ್ಕಿದ್ರಲ್ಲ, ಸ್ತೋತ್ರ!" ಎಂದು ನಕ್ಕಿದ್ದಳು.

ಆಮೇಲೆ ನಿಮ್ಮ ಕಚೇರಿಯಿಂದ ಚೀಟಿ ಬಂತು. ಗುರುವಾರ ಸಂಜೆ ಐದು, ಭಾನುವಾರದ ಮಕ್ಕಳ ಶಾಲೆಯ ಕೋಣೆ, ಭೇಟಿಯಾಗಬೇಕಾದವರ ಹೆಸರು. ಹೋದೆ. ಮಕ್ಕಳ ಕುರ್ಚಿಗಳು, ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತದೆ. ಎದುರಿಗೆ ಒಬ್ಬ ಹಿರಿಯರು. ಆಸ್ಪತ್ರೆಯೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಎಲ್ಲರ ಬಾಯಲ್ಲೂ ಲಿಫ್ಟಣ್ಣ.

"ಹೇಳಿ ಅಣ್ಣಾ, ಆರಾಮಾಗಿ ಹೇಳಿ," ಎಂದೆ.

"ಅಯ್ಯೋ, ನೀವು ಹೇಳಿ. ನನಗೇನು ಅವಸರ ಇಲ್ಲ," ಎಂದರು.

ಪಾಪ, ಸಂಕೋಚದ ಮನುಷ್ಯ ಎಂದುಕೊಂಡೆ. ಅವರೂ ನನ್ನ ಬಗ್ಗೆ ಹಾಗೇ ಅಂದುಕೊಂಡರಂತೆ. ಮೌನಕ್ಕೆ ಹೆದರಬೇಡಿ ಎಂದು ನೀವೇ ಕಲಿಸಿದ್ದಿರಲ್ಲ? ಒಂದು ಗಂಟೆ ಹೆದರದೆ ಕೂತೆವು. ಮುಂದಿನ ಗುರುವಾರವೂ ಅದೇ. ಬಿಸಿಲಿನ ಮಾತು, ಬಸ್ಸಿನ ಮಾತು. ಈಚೆಗೆ ನನ್ನ ಹೆಂಡತಿ ಟೀಯನ್ನು ಅರ್ಧ ಲೋಟವೇ ಕೊಡುತ್ತಾಳೆ, ವಯಸ್ಸಾದ ಹಾಗೆ ಕೈ ಬಿಗಿಯಾಗುತ್ತಿದೆ ಎಂದು ನಾನೊಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ಭಾರೀ ದುಃಖ ಇರಬೇಕು ಎಂದುಕೊಂಡು ಮನೆಗೆ ಬಂದು ಅವರಿಗಾಗಿ ಪ್ರಾರ್ಥಿಸಿದೆ.

ಆರನೆಯ ಗುರುವಾರ ಸಭೆಯ ಕಾವಲುಗಾರ ನಮಗೆ ಟೀ ತಂದಿಟ್ಟ, ಲೋಟದ ತುಂಬ. ಎತ್ತಿದೆ. ಚೆಲ್ಲಿತು. ಇನ್ನೊಂದು ಕೈಯಿಂದ ಹಿಡಿದೆ, ಮತ್ತೆ ಚೆಲ್ಲಿತು. ಲಿಫ್ಟಣ್ಣ ಏನೂ ಕೇಳಲಿಲ್ಲ. ಕರವಸ್ತ್ರ ತೆಗೆದು ಮೇಜು ಒರೆಸಿದರು. ನನಗೆ ತಡೆಯಲಾಗಲಿಲ್ಲ.

"ಅಣ್ಣಾ, ಒಂದು ವರ್ಷದಿಂದ ನನ್ನ ಕೈ ನಡುಗ್ತಿದೆ. ಕತ್ತಿ ಹಿಡಿಯೋಕೆ ಭಯ ಆಗುತ್ತೆ. ಹಳೇ ಗಿರಾಕಿ ಒಬ್ಬರ ಕಿವಿ ಹತ್ರ ಗೀರಿಬಿಟ್ಟೆ. ಯಾರಿಗೂ ಹೇಳಿಲ್ಲ."

"ಮನೇಲಿ?"

"ಅವಳಿಗೆ ಗೊತ್ತಿಲ್ಲ. ಮನೇಲಿ ಒಂದು ದಿನಾನೂ ಚೆಲ್ಲಿಲ್ಲ."

ಅವರು ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮೂವತ್ತು ವರ್ಷ ಜನ ನನ್ನ ಪಕ್ಕ ನಿಂತು ಅತ್ತಿದ್ದಾರೆ ತಮ್ಮಾ. ಎಷ್ಟನೇ ಮಹಡಿ ಅಂತ ಕೇಳೋದು ಬಿಟ್ಟು ನಾನು ಇನ್ನೇನೂ ಕೇಳಿದವನಲ್ಲ," ಎಂದರು. ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಆಮೇಲೆ ಇಬ್ಬರೂ ಪ್ರಾರ್ಥನೆ ಮಾಡಿದೆವು. ಆ ವಾರ ಚೆನ್ನಾಗಿ ನಿದ್ದೆ ಬಂತು.

ಆದರೆ ಮನಸ್ಸಾಕ್ಷಿ ಚುಚ್ಚಿತು. ಆರೈಕೆ ಮಾಡಬೇಕಾದವನು ನನ್ನ ಗೋಳನ್ನೇ ಹೇಳಿಕೊಂಡೆನಲ್ಲ! ನಿಮ್ಮ ತಿಂಗಳ ಸಭೆಗೆ ಬಂದು ತಪ್ಪೊಪ್ಪಿಕೊಂಡೆ. ನಿಮ್ಮವರು ಪಟ್ಟಿ ತಿರುವಿ ಹಾಕಿ ಬೆಪ್ಪಾದರು. ಲಿಫ್ಟಣ್ಣನೂ ನಿಮ್ಮ ಶನಿವಾರದ ತಂಡದಲ್ಲಿ ತರಬೇತಿ ಪಡೆದವರು! ಅವರಿಗೂ ಅಂಥದೇ ಚೀಟಿ ಹೋಗಿತ್ತು, ಭೇಟಿಯಾಗಬೇಕಾದವನು ನಾನು ಎಂದು. ಆರು ವಾರ ಇಬ್ಬರು ವೈದ್ಯರು ರೋಗಿಗಾಗಿ ಕಾದು ಕೂತಿದ್ದರು, ನಿಮ್ಮ ಕೃಪೆಯಿಂದ.

ತಪ್ಪು ನಿಮ್ಮದು, ಶಿಕ್ಷೆ ನಮ್ಮದು. ಮೊದಲ ನಮೂನೆಗೆ ಸಹಿ ಹಾಕಿದರೆ ನಾನು ಆರೈಕೆಗಾರನಾಗಿಯೇ ಉಳಿದು ಬೇರೊಬ್ಬರ ಎದುರು ಕೂರಬೇಕು, ನನ್ನ ಕೈಯ ಸುದ್ದಿ ಮತ್ತೆ ಎತ್ತಕೂಡದು. ಎರಡನೆಯದಕ್ಕೆ ಹಾಕಿದರೆ ಆರಾಧನೆಯಲ್ಲಿ ಎಲ್ಲರೆದುರು ಬಿಲ್ಲೆ ಹಿಂತಿರುಗಿಸಬೇಕು, ಆಗ ನಾನು ಆರೈಕೆ ಬೇಕಾದವನು, ನನಗೊಬ್ಬ ಹೊಸ ಆರೈಕೆಗಾರ ಬರುತ್ತಾನೆ. ಲಿಫ್ಟಣ್ಣ ಮಾತ್ರ ಎರಡರಲ್ಲೂ ಇಲ್ಲ. "ಈ ಜೋಡಿ ಅಸಿಂಧು" ಎಂದು ಬರೆದಿದ್ದೀರಿ. ಸ್ವಾಮೀ, ಅವರು ಹಿಡಿದುಕೊಂಡಿದ್ದು ನನ್ನ ಕೈಯನ್ನು, ನಿಮ್ಮ ಚೀಟಿಯನ್ನಲ್ಲ. ಇನ್ನೊಬ್ಬರ ಎದುರು ಮತ್ತೆ ಆರು ವಾರ ಸುಮ್ಮನೆ ಕೂತು ಮೊದಲಿಂದ ಶುರುಮಾಡುವ ಧೈರ್ಯ ನನಗೆಲ್ಲಿದೆ? ಬಿಲ್ಲೆ ಬಿಚ್ಚಿದ ದಿನ ಹೆಂಡತಿ ಯಾಕೆ ಅಂದರೆ ಏನು ಹೇಳಲಿ?

ಈ ಪತ್ರವನ್ನು ನಾನು ಹೇಳುತ್ತಿದ್ದೇನೆ, ಲಿಫ್ಟಣ್ಣ ಬರೆಯುತ್ತಿದ್ದಾರೆ. ನನ್ನ ಅಕ್ಷರ ಈಗ ನನಗೇ ಓದಲು ಬರುವುದಿಲ್ಲ. ಹಿಂದಿನ ಸಾಲು ಮುಗಿಸಿ ಅವರು ಪೆನ್ನು ಕೆಳಗಿಟ್ಟರು. ಇಷ್ಟು ದಿನದಲ್ಲಿ ನನ್ನನ್ನು ಎರಡನೆಯ ಸಲ ಪ್ರಶ್ನೆ ಕೇಳಿದರು.

"ತಮ್ಮಾ, ಮನೇಲಿ ಟೀ ಅರ್ಧ ಲೋಟ ಆಗಿದ್ದು ಯಾವಾಗಿಂದ?"

ಲೆಕ್ಕ ಹಾಕಿದೆ. ಒಂದು ವರ್ಷದಿಂದ.

ನಿರ್ದೇಶಕರೇ, ಅವಳಿಗೆ ಗೊತ್ತು. ನಿಮ್ಮ ತರಬೇತಿಯ ಬಾಗಿಲನ್ನೂ ತುಳಿಯದ ನನ್ನ ಹೆಂಡತಿ, ನಾನಾಗಿ ಹೇಳಲಿ ಎಂದು ಒಂದು ವರ್ಷದಿಂದ ಕಾಯುತ್ತಿದ್ದಾಳೆ. ನಾನು ಅವಳನ್ನು ಜಿಪುಣಿ ಅಂದೆ.

ಈ ಪತ್ರ ಅಚ್ಚಾಗುವ ಮೊದಲು ಅವಳಿಗೆ ಓದಿ ಹೇಳಬೇಕು. ಒಬ್ಬನೇ ಹೇಳಲಾರೆ, ಲಿಫ್ಟಣ್ಣ ಪಕ್ಕದಲ್ಲಿರಬೇಕು. ನಿಮ್ಮ ನಮೂನೆಗಳನ್ನು ಸಹಿಯಿಲ್ಲದೆ ಹಿಂದಿರುಗಿಸುತ್ತಿದ್ದೇನೆ. ನನ್ನ ಬೇಡಿಕೆ ಇಷ್ಟೇ: ಅಸಿಂಧು ಎಂಬ ಆದೇಶ ರದ್ದು ಮಾಡಿ, ಆ ಕೋಣೆಯ ಬೀಗದ ಕೈ ನಮಗೆ ಬಿಡಿ, ಮತ್ತು ಗುರುವಾರ ಐದಕ್ಕೆ ಮೂರನೆಯ ಕುರ್ಚಿಯೊಂದನ್ನು ಹಾಕಿಸಿ. ಅವಳು ಬರುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ.

ಇಂತಿ,
ಲಿಫ್ಟಣ್ಣನ ಕೈಯಲ್ಲಿ ಬರೆಸಿ, ಸಹಿ ಮಾತ್ರ ಸ್ವಂತ ಕೈಯಿಂದ ಗೀಚಿದ,
ನಿಮ್ಮ ಪಟ್ಟಿಯ ಯಾವ ಕಡೆಗೂ ಸೇರದ ಕ್ಷೌರಿಕ