ಹಕ್ಕಿಯ ಮುಖ ಯಾವ ಕಡೆ

ಅಮ್ಮಾ, ನೀನು ಹೋದ ಮೇಲೆ ಈ ಕಾಗದಕ್ಕೆ ವಿಳಾಸವಿಲ್ಲ; ಆದರೂ ಇವತ್ತಿನ ವರದಿ ಒಪ್ಪಿಸುತ್ತೇನೆ. ಗ್ರಂಥಾಲಯದ ಮಹಡಿಯಲ್ಲಿ ಪ್ರಾಚೀನ ಈಜಿಪ್ಟಿನ ಚಿತ್ರಲಿಪಿ ಕಲಿಯಲು ಸೇರಿದ್ದೇನೆ. ಈ ವಯಸ್ಸಿಗೆ ಇದೊಂದು ಬೇಕಿತ್ತಾ ಅನ್ನುತ್ತಿದ್ದೆ ನೀನು. ಮೊದಲ ಸಾಲನ್ನು ರೂಢಿಯಂತೆ ಎಡದಿಂದ ಓದಿ ನಗೆಪಾಟಲಾದೆ.

"ಹಕ್ಕಿ ಬಲಕ್ಕೆ ನೋಡ್ತಿದೆ. ಮುಖ ಇರೋ ಕಡೆಯಿಂದ ಓದ್ಬೇಕು. ನೀವು ಬಾಲ ಹಿಡ್ಕೊಂಡ್ರಿ," ಅಂದರು ಮೇಷ್ಟ್ರು.

ಆಮೇಲೆ ಕೂತ ಹೆಂಗಸಿನ ಚಿತ್ರ ಬರೆಯಲು ಹೇಳಿದರು. ನಾನು ಹೊಲಿಗೆ ಯಂತ್ರದ ಮುಂದೆ ಕಿಟಕಿಗೆ ಮುಖ ಮಾಡಿ ಕೂತವಳನ್ನು ಬರೆದೆ: ಬೆನ್ನು, ಜಡೆ, ಕುತ್ತಿಗೆಗೆ ಅಳತೆ ಟೇಪು.

ಮೇಷ್ಟ್ರು ಹಾಳೆಯನ್ನು ಆಚೀಚೆ ತಿರುಗಿಸಿ ನೋಡಿದರು. "ಮುಖಾನೇ ಇಲ್ವಲ್ಲ, ಇವರನ್ನ ಎಲ್ಲಿಂದ ಓದೋದು?"

"ನಾನು ಸ್ಕೂಲಿಂದ ಬಂದಾಗೆಲ್ಲ ಅಮ್ಮ ಹೀಗೇ ಕೂತಿರ್ತಿದ್ಲು ಸಾರ್," ಎಂದೆ.