ನಿಮ್ಮ ಮಗನ ಜಾಗದಲ್ಲಿ ನನ್ನ ಮಗಳು

ಪಕ್ಕದ ಮಂಚದ ಹುಡುಗನ ಅಮ್ಮನಿಗೆ,

ನನ್ನ ಮಗಳನ್ನು ಒಳಗೆ ಕರೆದುಕೊಂಡು ಹೋಗಿದ್ದಾರೆ. ಆಪರೇಷನ್ ಥಿಯೇಟರಿನ ಬಾಗಿಲ ಎದುರು ಕೂತು ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ತಲೆ ಕೆಟ್ಟುಹೋಗುತ್ತದೆ. ಬರೆದದ್ದನ್ನು ವಾರ್ಡಿನ ಹಿರಿಯ ನರ್ಸ್ ನಿಮಗೆ ತಲುಪಿಸುತ್ತಾರಂತೆ.

ನಾನು ಬಟ್ಟೆ ಹೊಲಿಯುವವಳು. ಮಗಳ ಯೂನಿಫಾರ್ಮಿನ ಅಂಚು ಒಂದು ಕಡೆ ಏರುತ್ತಿತ್ತು. ನನ್ನ ಕತ್ತರಿಯದೇ ತಪ್ಪೆಂದು ಬಿಚ್ಚಿ ಬಿಚ್ಚಿ ಹೊಲಿದೆ. ಓರೆಯಾಗಿದ್ದದ್ದು ಅವಳ ಬೆನ್ನುಮೂಳೆ. ಈಗ ಅದು ಶ್ವಾಸಕೋಶವನ್ನೇ ಒತ್ತುತ್ತಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಇನ್ನೂ ತಡವಾದರೆ ಆಪರೇಷನ್ನೇ ಅಪಾಯ ಎಂದರು ಡಾಕ್ಟರ್. ಆಪರೇಷನ್ನಿಗೆ ಕಾಯುವವರ ಸರದಿ ಮಾತ್ರ ಅಲ್ಲಾಡಲಿಲ್ಲ.

ಆಗ ಹಿರಿಯ ನರ್ಸ್ ಈ ಹೊಸ ಪದ್ಧತಿ ಹೇಳಿದರು. “ಯಾವುದಾದ್ರೂ ಮಗೂಗೆ ಆ ಬೆಳಗ್ಗೆ ಜ್ವರ ಬಂದ್ರೆ ಥಿಯೇಟರ್ ಇಡೀ ದಿನ ಖಾಲಿ ಬಿದ್ದಿರುತ್ತೆ ಕಣಮ್ಮ. ಅದಕ್ಕೇ ಇನ್ನೊಂದು ಮಗೂನ ತಯಾರು ಮಾಡಿ ಕೂರಿಸ್ಕೋತೀವಿ. ಸಿಕ್ಕರೆ ಸಿಕ್ತು, ಇಲ್ಲಾಂದ್ರೆ ಬೇಜಾರು ಮಾಡ್ಕೋಬಾರದು.” ಹಾಗೆ ಎರಡು ಸಲ ಬಂದು, ಮಗುವನ್ನು ಉಪವಾಸ ಕೂರಿಸಿಕೊಂಡು, ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ ಹೋಗಿದ್ದೆವು. ಇನ್ನೊಬ್ಬ ತಾಯಿಯ ಮಗು ಹುಷಾರು ತಪ್ಪಿದರೆ ಮಾತ್ರ ನನ್ನ ಮಗುವಿಗೆ ದಾರಿ. ಇಂಥ ಬೇಡಿಕೆ ಇಟ್ಟುಕೊಂಡು ಯಾವ ದೇವರ ಮುಂದೆ ನಿಲ್ಲಲಿ? ಆದರೂ ನಿಂತೆ.

ಇವತ್ತಿನ ಸರದಿ ನಿಮ್ಮ ಮಗನದು, ಅವನ ಹಿಂದೆ ತಯಾರಾಗಿ ಕೂತವಳು ನನ್ನ ಮಗಳು. ಬೆಳಗ್ಗೆ ಅವನು ಹೊದಿಕೆಯೊಳಗೆ ಕೆಮ್ಮಿದ. ನೀವು ನನ್ನ ಕಡೆ ನೋಡಿದಿರಿ. ನಾನು ಕಿಟಕಿ ನೋಡಿದೆ. ನಮಗಿಂತ ಮೊದಲಿನಿಂದ ಕಾಯುತ್ತಿರುವವರು ನೀವು, ಅದು ನನಗೆ ಗೊತ್ತಿತ್ತು. ಅವನು ಮತ್ತೆ ಕೆಮ್ಮಿದ. ಎದೆಯಲ್ಲಿ ಕಫವಿರುವ ಮಗುವಿಗೆ ಮತ್ತಿನ ಮದ್ದು ಕೊಟ್ಟರೆ ಜೀವಕ್ಕೇ ಕುತ್ತು, ನರ್ಸಿಗೆ ಹೇಳಲೇಬೇಕು ಎಂದುಕೊಂಡೆ. ಅವನ ಜೀವದ ಚಿಂತೆಯೋ ನನ್ನ ಸ್ವಾರ್ಥವೋ ಎಂದು ಈಗಲೂ ಎದೆ ಮುಟ್ಟಿಕೊಂಡು ಹೇಳಲಾರೆ. ಎದ್ದು ಚಪ್ಪಲಿ ಹುಡುಕುತ್ತಿದ್ದೆ.

ಅಷ್ಟರಲ್ಲಿ ಮತ್ತಿನ ಮದ್ದು ಕೊಡುವ ಡಾಕ್ಟರ್ ಬಂದರು. ನೀವೇ ಬಾಯಿಬಿಟ್ಟಿರಿ. “ಡಾಕ್ಟ್ರೇ, ಇವನು ಕೆಮ್ತಿದ್ದಾನೆ.”

“ಇಲ್ಲಮ್ಮಾ, ನಾನು ಕೆಮ್ಮಿಲ್ಲ,” ಎಂದ ನಿಮ್ಮ ಮಗ. ಕೆಮ್ಮು ತಡೆದು ಮುಖವೆಲ್ಲ ಕೆಂಪಾಗಿತ್ತು.

ಡಾಕ್ಟರ್ ಅವನ ಎದೆ ಪರೀಕ್ಷಿಸಿ, ಇವತ್ತು ಇವನಿಗೆ ಬೇಡ ಎಂದು ನನ್ನ ಮಗಳ ಕಡೆ ತಿರುಗಿದರು. ನನಗೆ ಹೋದ ಜೀವ ಬಂದ ಹಾಗಾಯಿತು. ಅಯ್ಯೋ ಪಾಪ ಅನ್ನಿಸಿದ್ದು ಆಮೇಲೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆನೋ.

ಸ್ಟ್ರೆಚರ್ ಹೊರಟಾಗ ನಿಮಗೆ ಮುಖ ತೋರಿಸಲಾಗದೆ ತಲೆ ತಗ್ಗಿಸಿದ್ದೆ. ಚೀಲಕ್ಕೆ ಬಟ್ಟೆ ತುರುಕುತ್ತಿದ್ದ ನೀವು ಗದರುವ ಹಾಗೆ ಹೇಳಿದಿರಿ: “ಅದು ನನ್ನ ಮಗನ ಜಾಗ. ಚೆನ್ನಾಗಿ ಆಗ್ಬೇಕು, ನೋಡಿ.” ನೀವು ಹಾಗೆ ಬೈದದ್ದೇ ಒಳ್ಳೆಯದಾಯಿತು. ಸಮಾಧಾನ ಹೇಳಿದ್ದರೆ ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಬಾಗಿಲು ಇನ್ನೂ ತೆರೆದಿಲ್ಲ. ಒಳಗಿನಿಂದ ಯಾರೂ ಬಂದಿಲ್ಲ.

ಕೆಮ್ಮು ಹೋದ ಕೂಡಲೇ ಮೊದಲ ಜಾಗ ನಿಮ್ಮ ಮಗನದೇ ಎಂದಿದ್ದಾರೆ ನರ್ಸ್. ಆ ದಿನ ಅವನ ಎದೆ ಸ್ವಚ್ಛವಾಗಿರಲಿ, ಮೈ ತಣ್ಣಗಿರಲಿ. ಅವನ ಹಿಂದೆ ಉಪವಾಸ ಕೂರುವ ಮಗು ಯಾವುದೋ, ಅದರ ತಾಯಿ ಹೊಟ್ಟೆ ಉರಿಸಿಕೊಂಡೇ ಮನೆಗೆ ಮರಳಲಿ. ಹೀಗೆ ಬೇಡಿಕೊಳ್ಳುವುದು ಎಂಥದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಬೇಡಿಕೊಳ್ಳುತ್ತೇನೆ.

ಬಾಗಿಲ ಕಡೆಗೇ ಕಣ್ಣಿಟ್ಟು ಕೂತಿರುವ,
ಹುಡುಗಿಯ ಅಮ್ಮ